ದೇಶಿ ಕಾರೋ, ವಿದೇಶಿ ಕಾರೋ: ನಮ್ಮ ಕಡೆ ರಸ್ತೆಗೆ ಯಾವುದು ಗಟ್ಟಿ?

ಸಿಂಧನೂರು ಸೋನಾ

ಎಲ್ಲರಿಗೂ ನಮಸ್ಕಾರ. 14 ವರ್ಷದ ಹಳೇ ಹ್ಯಾಚ್‌ಬ್ಯಾಕ್ ಕೊಟ್ಟು ಹೊಸ ಗಾಡಿ ತಗೋಬೇಕು ಅಂತ ಕೂತಿದ್ದೇನೆ. ಆನ್‌ರೋಡ್ 13 ಲಕ್ಷ ದಾಟಬಾರದು. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅವ್ವ. ವಾರಕ್ಕೊಮ್ಮೆ ಸಿರುಗುಪ್ಪ ಮೇಲೆ ಬಳ್ಳಾರಿಗೆ ಹೋಗಿ ಬರುವುದು ಇದ್ದೇ ಇದೆ. ಉಳಿದ ದಿನ ಮಸ್ಕಿ ಕಡೆ, ಇಲ್ಲಾ ಕಾಲುವೆ ದಂಡೆ ಹಿಡಿದು ಗದ್ದೆಗೆ. ಕಾಲುವೆ ದಂಡೆ ಗೊತ್ತಲ್ಲ, ನಾಟಿ ಟೈಮಿನಲ್ಲಿ ಟ್ರ್ಯಾಕ್ಟರಿಗೆ ಕೆಸರುಗದ್ದೆಯ ಕಬ್ಬಿಣದ ಚಕ್ರ (ಕೇಜ್‌ವೀಲ್) ಹಾಕಿಕೊಂಡೇ ಓಡಿಸಿ ರಸ್ತೆಯನ್ನು ಉತ್ತ ಹೊಲ ಮಾಡಿಟ್ಟಿರುತ್ತಾರೆ.

ಗೊಂದಲ ಏನೆಂದರೆ, ನಮ್ಮ ಮಾವನವರು "ದೇಶಿ ಗಾಡಿನೇ ತಗೊಳ್ಳಿ, ಅದು ಲೋಹ, ಉಳಿದದ್ದೆಲ್ಲ ಡಬ್ಬ" ಅಂತಾರೆ. ಬೆಂಗಳೂರಿನ ಷಡ್ಡಕ "ದೇಶಿ ಗಾಡಿ ಆರು ತಿಂಗಳಿಗೆ ಕಿರಗುಟ್ಟುತ್ತೆ, ಕೊರಿಯಾದ್ದೋ ಯುರೋಪಿಂದೋ ತಗೋ" ಅಂತಾನೆ. ನಾನು ಮೂರು ಶೋರೂಮಿಗೆ ಹೋಗಿ ಬಾನೆಟ್ ಮೇಲೆ ಬೆರಳಿನಿಂದ ಬಡಿದು ನೋಡಿದೆ. ಒಂದು ಡಬ್ ಅಂತು, ಇನ್ನೊಂದು ಠಣ್ ಅಂತು. ಸೇಲ್ಸ್ ಹುಡುಗ ಎರಡಕ್ಕೂ ನಕ್ಕ.

ಗಾಡಿ ಗಟ್ಟಿ ಅಂದರೆ ಏನು ನೋಡಬೇಕು? ಗೊತ್ತಿದ್ದವರು ಹೇಳಿ.

ಹಟ್ಟಿ ಚಿನ್ನ

ಇದರಲ್ಲಿ ಚರ್ಚೆ ಏನಿದೆ? 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್, ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ ಪರೀಕ್ಷೆಯಲ್ಲಿ 5ಕ್ಕೆ 5 ಸ್ಟಾರ್ ತಗೊಂಡಿತು. ಭಾರತದಲ್ಲಿ ತಯಾರಾದ ಕಾರಿಗೆ ಅದೇ ಮೊದಲ 5 ಸ್ಟಾರ್. 2020ರಲ್ಲಿ ಆಲ್ಟ್ರೋಜ್, ಮಹೀಂದ್ರ ಎಕ್ಸ್‌ಯುವಿ300. 2021ರಲ್ಲಿ ಪಂಚ್, ಎಕ್ಸ್‌ಯುವಿ700. ಅಲ್ಲಿಯವರೆಗೂ ಜಪಾನು, ಕೊರಿಯಾ ಎಲ್ಲಿ ಮಲಗಿದ್ದವು? ಮಾವನವರ ಮಾತು ಕೇಳಿ. ಮುಗೀತು.

ಕೆಎ37 ಗಂಗಾವತಿ

ಮುಗೀಲಿಲ್ಲ ಅಣ್ಣ. ನಾನು ಬಾಡಿಗೆ ಗಾಡಿ ಓಡಿಸುವವನು. ಹಂಪಿ, ಅಂಜನಾದ್ರಿ ಟ್ರಿಪ್ಪು, ಮದುವೆ ಸೀಸನ್, ತಿರುಪತಿ. ನನ್ನ ಇನ್ನೋವಾ 4.5 ಲಕ್ಷ ಕಿಲೋಮೀಟರ್ ದಾಟಿದೆ. ಎಂಜಿನ್ ಬಿಚ್ಚಿಲ್ಲ. ಬಾಗಿಲು ಇವತ್ತಿಗೂ ಒಂದೇ ಕೈಯಲ್ಲಿ ಮೆಲ್ಲಗೆ ಒತ್ತಿದರೆ ಕೂರುತ್ತದೆ. ಸ್ಟಾರ್ ಗೀರ್ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಗಟ್ಟಿ ಅಂದರೆ ಬೆಳಿಗ್ಗೆ ಐದಕ್ಕೆ ಗಿರಾಕಿ ಮನೆ ಮುಂದೆ ನಿಂತಿರುವಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಬೇಕು. ಜಪಾನಿನವರದ್ದೇ ಆದರೂ ಬಿಡದಿಯಲ್ಲಿ ನಮ್ಮ ಹುಡುಗರೇ ಕಟ್ಟಿದ ಗಾಡಿ ಅದು.

ಹಟ್ಟಿ ಚಿನ್ನ

ಬಾಳಿಕೆ ಬೇರೆ, ಗಟ್ಟಿ ಬೇರೆ ಅಣ್ಣ.

ಕೆಎ37 ಗಂಗಾವತಿ

ಹಾಗಾದರೆ ಅವರು ಕೇಳಿದ್ದು ಯಾವುದು?

ತೋರಣಗಲ್ಲು ಕಾಯಿಲ್

ಇಬ್ಬರೂ ಸ್ವಲ್ಪ ತಡೀರಿ. ನಾನು ಕಾರು ಮಾರುವವನಲ್ಲ, ರಿಪೇರಿಯವನೂ ಅಲ್ಲ. ಇಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ತಗಡು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಈ "ಲೋಹ", "ಡಬ್ಬ" ಅನ್ನುವ ಮಾತು ಕೇಳಿದರೆ ನನಗೆ ಕೈ ತುರಿಸುತ್ತದೆ, ಅದಕ್ಕೆ ಬರೀತಿದ್ದೇನೆ.

ನಮ್ಮ ಟೇಬಲ್ ಮೇಲೆ ದಿನಾ ಡಂಬೆಲ್ ಆಕಾರದ ತಗಡಿನ ತುಂಡುಗಳು ಬರುತ್ತವೆ. ಎರಡೂ ತುದಿ ಮಷೀನಿಗೆ ಕಚ್ಚಿಸಿ ಎಳೆಯುತ್ತೇವೆ. ಬಾಗಿಲು, ಬಾನೆಟ್ಟಿನ ಹೊರಮೈಗೆ ಹೋಗುವ ತಗಡು ಚೂಯಿಂಗ್ ಗಮ್ ಥರ. ಎಳೆದಂತೆಲ್ಲ ಉದ್ದವಾಗುತ್ತದೆ, ನಡು ಸಣ್ಣದಾಗುತ್ತದೆ, ಆಮೇಲೆ ಟಪ್ ಅಂತ ತುಂಡಾಗುತ್ತದೆ. ಅದು ತಡೆಯುವುದು ಸುಮಾರು 300 ಮೆಗಾಪಾಸ್ಕಲ್ (ಎಳೆತ ತಡೆಯುವ ಬಲದ ಅಳತೆ). ಪಕ್ಕದಲ್ಲೇ 590, 780 ಅಂತ ಬರೆದ ಇನ್ನೊಂದು ತುಂಡು ಇರುತ್ತದೆ. ನೋಡುವುದಕ್ಕೆ ಅದೇ ಬಣ್ಣ, ಅದೇ ದಪ್ಪ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ದೇವರಾಣೆ ಗೊತ್ತಾಗಲ್ಲ. ಆದರೆ ಮಷೀನು ಎರಡು ಪಟ್ಟು, ಇಲ್ಲಾ ಅದಕ್ಕಿಂತ ಜಾಸ್ತಿ ಬಲ ಹಾಕಬೇಕು. ತುಂಡಾಗುವಾಗ ಬರುವ ಶಬ್ದಕ್ಕೆ ಹೊಸದಾಗಿ ಸೇರಿದ ಹುಡುಗರು ಬೆಚ್ಚಿ ಬೀಳುತ್ತಾರೆ.

ಇದಕ್ಕಿಂತ ಮೇಲಿನದೂ ಇದೆ. ಬೋರಾನ್ ಸೇರಿಸಿದ ಉಕ್ಕನ್ನು ಬಿಡಿಭಾಗ ಮಾಡುವವರು 900 ಡಿಗ್ರಿ ದಾಟಿ ಕಾಯಿಸಿ, ಕೆಂಪಗಿರುವಾಗಲೇ ಅಚ್ಚಿನಲ್ಲಿ ಒತ್ತಿ, ಅಲ್ಲೇ ತಣಿಸುತ್ತಾರೆ. ನಮ್ಮೂರ ಕಮ್ಮಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದುತ್ತಾನಲ್ಲ, ಅದೇ ವಿದ್ಯೆ. ಅದು 1500 ಮೆಗಾಪಾಸ್ಕಲ್‌ವರೆಗೆ ಹೋಗುತ್ತದೆ. ಬಾಗಿಲ ಮುಂದಿನ ಕಂಬ, ನಡುವಿನ ಕಂಬ, ಕಾಲಡಿಯ ಪಟ್ಟಿ ಇಂಥ ಕಡೆ ಅದನ್ನು ಹಾಕುತ್ತಾರೆ. ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ಹಾಕಿದೆ ಅನ್ನುವುದೇ ಆಟ.

ಈಗ ನೀವು ಬಡಿದು ನೋಡಿದ್ದು ಯಾವುದು? ಬಾನೆಟ್. ಅದು ಎಲ್ಲರದ್ದೂ ಮುಕ್ಕಾಲು ಮಿಲಿಮೀಟರ್ ಆಜುಬಾಜು. ಅದು ಮೆತ್ತಗಿರಲಿ ಅಂತಲೇ ಮಾಡಿದ್ದು. ನಡೆದು ಹೋಗುವವನ ತಲೆ ಬಡಿದರೆ ಅವನು ಬದುಕಬೇಕು, ಅಲ್ವಾ? ಡಬ್, ಠಣ್ ಅನ್ನುವುದು ತಗಡಿನ ಗುಣ ಅಲ್ಲ. ಒಳಗೆ ಅಂಟಿಸಿದ ಸದ್ದು ತಡೆಯುವ ಹಾಳೆಯ ಗುಣ. ನೂರಿನ್ನೂರು ರೂಪಾಯಿ ಹಾಳೆ ಅಂಟಿಸಿದರೆ ನಿಮ್ಮ ಹಳೇ ಗಾಡಿಯೂ ಡಬ್ ಅನ್ನುತ್ತದೆ.

ಇನ್ನೊಂದು ಮಾತು. ಇಲ್ಲಿಂದ ಕಾಯಿಲ್ (ತಗಡಿನ ಸುರುಳಿ) ಹೊತ್ತು ಹೋಗುವ ಲಾರಿ ಮೇಲೆ "ಇದು ದೇಶಿ ಕಾರಿಗೆ, ಇದು ವಿದೇಶಿ ಕಾರಿಗೆ" ಅಂತ ಬರೆದಿರುವುದಿಲ್ಲ. ಗ್ರೇಡ್ ಬರೆದಿರುತ್ತದೆ.

ಹಟ್ಟಿ ಚಿನ್ನ

ಒಪ್ಪಿದೆ. ಆದರೂ ನಮ್ಮವರೇ ಮೊದಲು ಆ ಉಕ್ಕು ಹಾಕಿದ್ದು, ಸ್ಟಾರ್ ತಗೊಂಡಿದ್ದು ಸುಳ್ಳಾ?

ಕಿನ್ನಾಳ ಬೊಂಬೆ

ಸುಳ್ಳಲ್ಲ. ಆದರೆ "ನಮ್ಮವರು" ಅನ್ನುವುದನ್ನು ಸ್ವಲ್ಪ ಬಿಚ್ಚಿ ನೋಡೋಣ. ನಾನು ಕೊಪ್ಪಳದಲ್ಲಿ ಪಾಠ ಮಾಡುವವಳು, ಬಿಚ್ಚುವ ಚಾಳಿ ಇದೆ.

ನೀವು ಹೆಮ್ಮೆಯಿಂದ ಹೇಳಿದ ಎಕ್ಸ್‌ಯುವಿ300 ನಿಂತಿದ್ದು ಕೊರಿಯಾದ ಸ್ಯಾಂಗ್‌ಯಾಂಗ್ ಕಂಪನಿಯ ಟಿವೋಲಿ ಅಡಿಪಾಯದ ಮೇಲೆ. ಆಗ ಆ ಕಂಪನಿ ಮಹೀಂದ್ರ ಕೈಯಲ್ಲಿತ್ತು. ಟಾಟಾ ಹ್ಯಾರಿಯರ್ ಅಡಿಪಾಯ ಬಂದಿದ್ದು ಲ್ಯಾಂಡ್ ರೋವರ್‌ನ ಡಿ8ರಿಂದ. ಅದರ ಡೀಸೆಲ್ ಎಂಜಿನ್ ಫಿಯಟ್ ಮನೆಯದು. ಇಂಗ್ಲೆಂಡಿನ ಎಲುಬು, ಇಟಲಿಯ ಗುಂಡಿಗೆ, ಪುಣೆಯ ಜೋಡಣೆ. ಬೈಯುತ್ತಿಲ್ಲ, ಜಾಣ ಕೆಲಸ ಅದು.

ಇನ್ನು ಮಾರುತಿ. ನಮ್ಮ ತಂದೆಯವರಿಗೆ ಇವತ್ತಿಗೂ ಅದು ಸರ್ಕಾರಿ ಕಾರು, ದೇಶಿ ಕಾರು. 1981ರಲ್ಲಿ ಹುಟ್ಟಿದ್ದು ಹಾಗೇ, ಮೊದಲ 800 ಹೊರಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಆದರೆ 2002ರಿಂದ ಯಜಮಾನಿಕೆ ಜಪಾನಿನ ಸುಜುಕಿಯದು. ಟೊಯೋಟಾ ಗ್ಲಾಂಜಾ ಅಂತ ತಗೋತೀರಲ್ಲ, ಅದು ಬಟ್ಟೆ ಬದಲಿಸಿದ ಮಾರುತಿ ಬಲೆನೋ. ಕಿಯಾ ಕೊರಿಯಾದ್ದು, ಆದರೆ ಕಾರ್ಖಾನೆ ಇರುವುದು ಅನಂತಪುರ ದಾಟಿದರೆ ಸಿಗುವ ಪೆನುಕೊಂಡದ ಹತ್ತಿರ. ಬಳ್ಳಾರಿಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಎಂಜಿ ವಿಷಯವಂತೂ ಕೇಳಲೇಬೇಡಿ. ಹೆಸರು ಬ್ರಿಟನ್ನಿನದು, ಒಡೆತನ ಚೀನಾದ ಎಸ್‌ಎಐಸಿ. ಕಾರ್ಖಾನೆ ಗುಜರಾತಿನ ಹಾಲೋಲ್‌ನಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ ಬಿಟ್ಟು ಹೋದ ಜಾಗ. ಈಗ 35 ಪರ್ಸೆಂಟ್ ಪಾಲು ನಮ್ಮ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಗುಂಪಿನದು. ಇದನ್ನು ಯಾವ ಬುಟ್ಟಿಗೆ ಹಾಕುತ್ತೀರಿ ಚಿನ್ನ ಅವರೇ?

ಹಟ್ಟಿ ಚಿನ್ನ

ಮೇಡಂ, ಪರೀಕ್ಷೆಗೆ ಓದದೇ ಬಂದ ಹುಡುಗನ ಥರ ಕೂತಿದ್ದೇನೆ.

ಕಿನ್ನಾಳ ಬೊಂಬೆ

ಇನ್ನೂ ಇದೆ, ಕೂತಿರಿ. ಸ್ಟಾರ್ ನೋಡುವಾಗ ಕಂಪನಿ ನೋಡಬೇಡಿ, ಮಾಡೆಲ್ ನೋಡಿ, ವರ್ಷ ನೋಡಿ, ಯಾವ ನಿಯಮದಲ್ಲಿ ಪರೀಕ್ಷೆ ಆಯಿತು ನೋಡಿ.

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಮೊದಲ ಸಲ ನಮ್ಮ ಕಾರುಗಳನ್ನು ಗುದ್ದಿಸಿ ನೋಡಿದಾಗ ಆಲ್ಟೊ, ನ್ಯಾನೊ, ಐ10, ಫಿಗೊ, ಪೋಲೊ ಐದಕ್ಕೂ ಸೊನ್ನೆ. ದೇಶಿ, ಜಪಾನು, ಕೊರಿಯಾ, ಅಮೆರಿಕ, ಜರ್ಮನಿ ಎಲ್ಲರೂ ಒಂದೇ ಬೆಂಚಿನಲ್ಲಿ ಫೇಲು. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದರೆ 4 ಸ್ಟಾರ್. ಅಂದರೆ ಮೈಕಟ್ಟು ಆಗಲೇ ಚೆನ್ನಾಗಿತ್ತು, ಇಲ್ಲಿ ಮಾರುವಾಗ ಏರ್‌ಬ್ಯಾಗ್ ಉಳಿಸಿದ್ದರು. ಜರ್ಮನಿಯಲ್ಲಿ ಹಾಗೆ ಮಾರುವ ಧೈರ್ಯ ಇರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವ ವಿಷಯ ಇದು.

ಆಮೇಲೆ ಕಾನೂನು ಬಂತು. 2019ರ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅದೇ ಅಕ್ಟೋಬರ್‌ನಿಂದ ಎಲ್ಲ ಮಾಡೆಲ್‌ಗೂ ಎದುರು ಗುದ್ದಿಸುವ ಪರೀಕ್ಷೆ ಕಡ್ಡಾಯ.

ಈಗ ಒಂದೇ ಮನೆಯ ಅಣ್ಣತಮ್ಮಂದಿರನ್ನು ನೋಡಿ. ಮಹೀಂದ್ರ ಸ್ಕಾರ್ಪಿಯೊ-ಎನ್ 2022ರಲ್ಲಿ 5 ಸ್ಟಾರ್. ಬೊಲೆರೊ ನಿಯೊ 2024ರಲ್ಲಿ 1. ಹುಂಡೈ ಕ್ರೆಟಾ 2022ರಲ್ಲಿ 3, ವರ್ನಾ 2023ರಲ್ಲಿ 5. ಅದರಲ್ಲೂ ಒಂದು ತಮಾಷೆ ಇದೆ: ವರ್ನಾಗೆ 5 ಸ್ಟಾರ್ ಕೊಟ್ಟ ವರದಿಯಲ್ಲೇ ಮೈಕಟ್ಟು ಸ್ಥಿರವಾಗಿಲ್ಲ (ಇನ್ನೂ ಜೋರು ಪೆಟ್ಟು ತಡೆಯಲ್ಲ) ಅಂತಲೂ ಬರೆದಿದೆ. ಮಾರುತಿ ಸ್ವಿಫ್ಟ್ 2022ರಲ್ಲಿ 1 ಸ್ಟಾರ್. ಎರಡೇ ವರ್ಷಕ್ಕೆ ಹೊಸ ಡಿಜೈರ್ 5 ಸ್ಟಾರ್, ಮೈಕಟ್ಟು ಸ್ಥಿರ. 2022ರ ಜುಲೈನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾದ ಮೇಲೆ ಮೊದಲು 5 ತಗೊಂಡಿದ್ದು ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್. ಅವೂ ಪುಣೆ ಪಕ್ಕದ ಚಾಕಣದಲ್ಲೇ ಹುಟ್ಟಿದವು.

ಸೋನಾ ಅವರೇ, ನೀವು ಸಿಂಧನೂರಿನಲ್ಲಿ ಭತ್ತ ಬೆಳೀತೀರಿ. ಬೀಜ ಮಸೂರಿ ಅಂದ ಮಾತ್ರಕ್ಕೆ ಪ್ರತಿ ಗದ್ದೆ ಅಕ್ಕಿಯೂ ಒಂದೇ ಥರ ಇರುತ್ತಾ?

ಸಿಂಧನೂರು ಸೋನಾ

ಇರಲ್ಲ ಅಕ್ಕ. ಒಂದೇ ಗದ್ದೆ ಆದರೂ ಎರಡು ಬೆಳೆಗೆ ಒಂದೇ ಥರ ಬರಲ್ಲ. ಅರ್ಥ ಆಯಿತು.

ಬಿಸಿಲೂರು ಡಾಕ್ಟ್ರು

ರಾಯಚೂರಿನಿಂದ. ಯುರೋಪಿನ ಬ್ರ್ಯಾಂಡಿನ ಗಾಡಿ ಇಟ್ಟುಕೊಂಡು ಆರು ವರ್ಷ ಆಯಿತು. ಹೆಸರು ಹೇಳಲ್ಲ, ಹೇಳಿದರೆ ಜಗಳ ಬೇರೆ ದಾರಿ ಹಿಡಿಯುತ್ತದೆ.

ಮೊದಲು ಒಳ್ಳೆಯದು. ಹೈವೇಯಲ್ಲಿ ನೂರು ದಾಟಿದಾಗ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಎದುರಿಗೆ ಹತ್ತಿ ತುಂಬಿದ ಲಾರಿ ಬೀಸಿ ಹೋದರೂ ಅಲ್ಲಾಡಲ್ಲ. ಬಾಗಿಲ ಸಂದಿ ಎಲ್ಲ ಕಡೆ ಒಂದೇ ಅಳತೆ. ಆರು ವರ್ಷದಲ್ಲಿ ಡ್ಯಾಶ್‌ಬೋರ್ಡಿನಿಂದ ಒಂದು ಕಿರುಗು ಬಂದಿಲ್ಲ.

ಈಗ ಕೆಟ್ಟದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರು ಗೊತ್ತಲ್ಲ, ಮಧ್ಯಾಹ್ನ ಸ್ಟೀರಿಂಗ್ ಮುಟ್ಟಿದರೆ ಅಂಗೈಗೆ ಬರೆ. ಮೂರನೇ ಬೇಸಿಗೆಯಲ್ಲಿ, ಸ್ಟೇಷನ್ ರಸ್ತೆ ಟ್ರಾಫಿಕ್ಕಿನಲ್ಲಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯಾಗಿ ಎಚ್ಚರಿಕೆ ದೀಪ ಹತ್ತಿತು. ಗಾಡಿಯನ್ನು ಟೋ ಮಾಡಿಸಿ ಹೈದರಾಬಾದಿಗೆ ಕಳಿಸಿದೆ. 22 ದಿನ. ಅಷ್ಟು ದಿನ ನಮ್ಮೆಜಮಾನರ ಸ್ಕೂಟರ್ ಹಿಂದೆ ಕೂತು ಆಸ್ಪತ್ರೆಗೆ ಹೋದೆ. ಪೇಷೆಂಟ್‌ಗಳೆಲ್ಲ "ಡಾಕ್ಟ್ರೇ ಕಾರ್ ಮಾರಿದ್ರಾ?" ಅಂತ ಕೇಳಿದ್ದೇ ಕೇಳಿದ್ದು.

ಗಾಡಿ ಗಟ್ಟಿ ಇತ್ತು. ಗಾಡಿಯ ಹಿಂದೆ ನಿಲ್ಲುವ ವ್ಯವಸ್ಥೆ ರಾಯಚೂರಿನವರೆಗೆ ಬಂದಿರಲಿಲ್ಲ.

ಲಿಂಗಸುಗೂರು ಲೋಕಲ್

ಅಕ್ಕ ಹೇಳಿದ್ದಕ್ಕೆ ಉಲ್ಟಾ ನನ್ನದು. ದೇಶಿ ಕಂಪನಿ ಎಸ್‌ಯುವಿ. ಒಂದು ಸಲ ರಾತ್ರಿ ಎಮ್ಮೆ ಅಡ್ಡ ಬಂತು, ಗುದ್ದಿದೆ. ಮುಂದೆಲ್ಲ ಪುಡಿ. ಒಳಗಿದ್ದ ನಾಲ್ಕೂ ಜನಕ್ಕೆ ಗೀರು ಸಹ ಇಲ್ಲ, ಬಾಗಿಲು ನಾಲ್ಕೂ ತೆಗೆದುಕೊಂಡು ಇಳಿದೆವು. (ಎಮ್ಮೆ ಹೋಯಿತು ಪಾಪ. ಅದರ ಪರಿಹಾರದ ಪಂಚಾಯ್ತಿ ಬೇರೆ ಕಥೆ.) ಆದರೆ ಅದೇ ಗಾಡಿಯಲ್ಲಿ ಮೊದಲ ವರ್ಷ ಟಚ್‌ಸ್ಕ್ರೀನ್ ಎರಡು ಸಲ ಬದಲಿಸಿದರು. ಮಳೆಗಾಲದಲ್ಲಿ ಹಿಂದಿನ ಬಾಗಿಲ ರಬ್ಬರ್ ಬೀಡಿಂಗ್ ಸಡಿಲಾಗಿ ಮ್ಯಾಟ್ ಒದ್ದೆ. ಎಡಗಡೆ ಕಂಬದ ಪ್ಲಾಸ್ಟಿಕ್ ಒಳಗೆ ಒಂದು ಜೀರುಂಡೆ ಕೂತಿದೆ, ಇವತ್ತಿಗೂ ಸಿಕ್ಕಿಲ್ಲ. ನಮ್ಮಾಕೆ ಅದಕ್ಕೆ ಹೆಸರಿಟ್ಟಿದ್ದಾಳೆ.

ಕೌಲ್ ಬಜಾರ್ ಮೇಸ್ತ್ರಿ

ನನ್ನ ಮಗಳ ಕೈಯಲ್ಲಿ ಟೈಪ್ ಮಾಡಿಸ್ತಿದ್ದೇನೆ, ತಪ್ಪಿದ್ದರೆ ಅವಳದು. ಬಳ್ಳಾರಿಯಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುತ್ತಾ 26 ವರ್ಷ. ಎಲ್ಲ ಕಂಪನಿ ಗಾಡಿಯ ಹೊಟ್ಟೆ ನೋಡಿದ್ದೇನೆ.

ಲಿಂಗಸುಗೂರಿನವರು ಹೇಳಿದ್ದು ನೋಡಿ. ಮುಂದೆ ಪುಡಿ, ಬಾಗಿಲು ತೆಗೆಯಿತು. ಅದೇ ಒಳ್ಳೆ ಗಾಡಿ. ಜನ ಬಂದು "ಮೇಸ್ತ್ರಿ, ಎಂಥ ಡಬ್ಬ ಗಾಡಿ, ಸ್ವಲ್ಪ ತಾಗಿದ್ದಕ್ಕೆ ಮುದ್ದೆ ಆಯ್ತು" ಅಂತಾರೆ. ನಾನು ಬಂಪರ್ ಕಳಚಿ ತೋರಿಸುತ್ತೇನೆ. ಹೊರಗಿನ ಬಂಪರ್ ಬರೀ ಪ್ಲಾಸ್ಟಿಕ್ ಮುಖವಾಡ. ಅದರ ಹಿಂದೆ ಅಡ್ಡ ಒಂದು ಕಬ್ಬಿಣದ ದೂಲ. ದೂಲದ ಎರಡು ತುದಿಗೆ ಟಿಫಿನ್ ಡಬ್ಬಿ ಥರ ಎರಡು ಪೆಟ್ಟಿಗೆ. ಆ ಪೆಟ್ಟಿಗೆ ಮಡಚಿಕೊಳ್ಳುವುದಕ್ಕೇ ಇರುವುದು. ಅದು ಮಡಚಿಕೊಂಡರೆ ಹಿಂದಿನ ಛಾಸಿ ಉದ್ದಪಟ್ಟಿಗೆ ಪೆಟ್ಟು ಕಡಿಮೆ. ಕೆಲವು ಅಗ್ಗದ ಗಾಡಿಗಳಲ್ಲಿ ಆ ದೂಲ ನನ್ನ ಮೊಣಕೈಯಷ್ಟೂ ದಪ್ಪ ಇರಲ್ಲ. ಅಂಥವು ದೇಶಿಯಲ್ಲೂ ಇವೆ, ಫಾರಿನ್‌ನಲ್ಲೂ ಇವೆ. ಹಳೇ ಅಂಬಾಸಿಡರ್ ಕಾಲದವರು ಗಾಡಿ ಬಗ್ಗಲಿಲ್ಲ ಅಂತ ಖುಷಿಪಡುತ್ತಿದ್ದರು. ಗಾಡಿ ಬಗ್ಗದಿದ್ದರೆ ಒಳಗೆ ಕೂತವನ ಎದೆ ಬಗ್ಗುತ್ತದೆ.

ಸ್ಟಾರಿನ ಬಗ್ಗೆ ನನ್ನದೊಂದು ಮಾತು. ಆ ಪರೀಕ್ಷೆಯಲ್ಲಿ ಗಂಟೆಗೆ 64 ಕಿಲೋಮೀಟರ್‌ನಲ್ಲಿ ಗಾಡಿಯ ಮುಂಭಾಗದ ನಲವತ್ತು ಪರ್ಸೆಂಟ್ ಮಾತ್ರ ತಾಗುವ ಹಾಗೆ ತಡೆಗೆ ಗುದ್ದಿಸುತ್ತಾರಂತೆ, ಮಗಳು ವಿಡಿಯೋ ತೋರಿಸಿದಳು. ತಡೆ ಬಂಪರ್ ಎತ್ತರಕ್ಕೇ ಇದೆ. ನಮ್ಮ ಕಡೆ ಗುದ್ದುವುದು ಏನಕ್ಕೆ? ಅದಿರು ಲಾರಿ ಹಿಂದಕ್ಕೆ. ರಾತ್ರಿ, ದೀಪ ಇಲ್ಲದೆ ರಸ್ತೆ ಪಕ್ಕ ನಿಲ್ಲಿಸಿರುತ್ತಾರೆ. ಹಿಂದೆ ಇರಬೇಕಾದ ಅಡ್ಡಪಟ್ಟಿ ಬಗ್ಗಿ ಹೋಗಿರುತ್ತದೆ, ಇಲ್ಲಾ ಇರುವುದೇ ಇಲ್ಲ. ಆಗ ಕಾರಿನ ದೂಲ, ಟಿಫಿನ್ ಡಬ್ಬಿ ಎಲ್ಲ ಲಾರಿ ಕೆಳಗೆ ಹೋಗುತ್ತವೆ. ಲಾರಿಯ ಪಾಟಿ ನೇರವಾಗಿ ಗಾಜಿಗೆ ಬರುತ್ತದೆ. ಅಂಥ ಗಾಡಿ ನನ್ನ ಅಂಗಳಕ್ಕೆ ಬಂದಾಗ ನಾನು ಯಾವ ಕಂಪನಿ ಅಂತ ನೋಡಲ್ಲ. ಮೊದಲು ಸೀಟಿಗೆ ನೀರು ಹಾಕಿ ತೊಳೆಸುತ್ತೇನೆ. ಎಷ್ಟು ಸ್ಟಾರ್ ಇದ್ದರೂ ರಾತ್ರಿ ಆ ರಸ್ತೆಯಲ್ಲಿ ಮೆಲ್ಲಗೆ ಹೋಗಿ ಸಾರ್.

ಜೋಡಣೆ ಹೇಗಿದೆ ಅಂತ ಗೊತ್ತಾಗಬೇಕಾ, ಬಾನೆಟ್ ಬಡಿಯಬೇಡಿ. ಡಿಕ್ಕಿ ತೆಗೆದು ಕಾರ್ಪೆಟ್ ಎತ್ತಿ, ಸ್ಟೆಪ್ನಿ ಕೂರುವ ಗುಂಡಿ ನೋಡಿ. ಅಲ್ಲಿ ಯಾರೂ ನೋಡಲ್ಲ ಅಂತ ಕಂಪನಿಯವರು ಸೋಮಾರಿತನ ಮಾಡುತ್ತಾರೆ. ತಗಡು ಸೇರುವ ಕಡೆ ಸಂದಿ ಮುಚ್ಚುವ ಅಂಟು (ಸೀಲೆಂಟ್) ಒಂದೇ ದಪ್ಪಕ್ಕೆ ಇದೆಯಾ, ಇಲ್ಲಾ ಮಕ್ಕಳು ಪೇಸ್ಟ್ ಮೆತ್ತಿದ ಹಾಗಿದೆಯಾ? ಪೇಂಟ್ ಪೂರ್ತಿ ಹೊಡೆದಿದ್ದಾರಾ, ಬರೀ ಪ್ರೈಮರ್ ಬಿಟ್ಟಿದ್ದಾರಾ? ಆಮೇಲೆ ಬಾನೆಟ್ ಎತ್ತಿ ವೈರಿಂಗ್ ನೋಡಿ. ಬಟ್ಟೆ ಟೇಪ್ ಸುತ್ತಿ ಕ್ಲಿಪ್ಪಿಗೆ ಕೂರಿಸಿದ್ದರೆ ಒಳ್ಳೆಯದು. ಬರೀ ವೈರ್ ಜೋತಾಡುತ್ತಿದ್ದರೆ ಎರಡು ವರ್ಷಕ್ಕೆ ಉಜ್ಜಿ ಶಾರ್ಟ್ ಆಗುತ್ತದೆ. ಸಿಂಧನೂರಿನಲ್ಲಿ ಅದಕ್ಕಿಂತ ಮುಂಚೆ ಇಲಿ ತಿಂದಿರುತ್ತದೆ ಬಿಡಿ.

ತೋರಣಗಲ್ಲು ಕಾಯಿಲ್

ಮೇಸ್ತ್ರಿಗಳೇ, ಆ ಲಾರಿ ಮಾತಿಗೆ ಕೈ ಮುಗಿದೆ. ದಿನಾ ಡ್ಯೂಟಿ ಮುಗಿಸಿ ಅದೇ ರಸ್ತೆಯಲ್ಲಿ ಬರುವವನು ನಾನು.

ಸೋನಾ ಅವರಿಗೆ ನಮ್ಮ ಕಡೆಯ ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಇದಕ್ಕೆ ಮಷೀನು ಬೇಡ. ಟೆಸ್ಟ್ ಡ್ರೈವ್ ಅಂತ ಗಾಡಿಯನ್ನು ಅದಿರು ಲಾರಿ ಓಡಾಡುವ ಸಂಡೂರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಎಸಿಯನ್ನು ಒಳಗಾಳಿಗೆ ಹಾಕಿರಿ. ನಿಲ್ಲಿಸಿ ಬಾಗಿಲು ತೆಗೆದು, ಕೆಳಗಿನ ಪಟ್ಟಿ ಮೇಲೆ ಬೆರಳು ಎಳೆಯಿರಿ. ಹೊರಗಿನ ಬೀಡಿಂಗ್ ಆಚೆ ಕುಂಕುಮದಂಥ ಕೆಂಪು ಧೂಳು ಇರಲೇಬೇಕು. ಒಳಗಿನ ಬೀಡಿಂಗ್ ಈಚೆ ಬೆರಳು ಸ್ವಚ್ಛ ಬಂದರೆ ಬಾಗಿಲು ಸರಿಯಾಗಿ ಕೂತಿದೆ. ಕೆಂಪು ಗೆರೆ ಒಳಗೂ ಬಂದಿದ್ದರೆ ಮುಂದೆ ಮಳೆ ನೀರು ಬರುತ್ತದೆ, ಗಾಳಿ ಸದ್ದು ಬರುತ್ತದೆ. ನನ್ನ ಗೆಳೆಯನ ಅರ್ಧ ಕೋಟಿ ಹತ್ತಿರದ ಗಾಡಿಯಲ್ಲಿ ಗೆರೆ ಒಳಗೆ ಬಂತು. ನನ್ನ ಎಂಟು ಲಕ್ಷದ್ದರಲ್ಲಿ ಬರಲಿಲ್ಲ. ಅವನು ಎರಡು ದಿನ ಮಾತು ಬಿಟ್ಟಿದ್ದ.

ಹಟ್ಟಿ ಚಿನ್ನ

ಈ ಪರೀಕ್ಷೆಗೆ ಎಷ್ಟು ಸ್ಟಾರ್ ಕೊಡ್ತೀರಿ?

ತೋರಣಗಲ್ಲು ಕಾಯಿಲ್

ಸ್ಟಾರ್ ಇಲ್ಲ, ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ.

ಕೆಎ37 ಗಂಗಾವತಿ

ಕಿರುಗು ಸದ್ದಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ರಸ್ತೆ ಸಮತಟ್ಟು ನಿಲ್ಲಲ್ಲ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ತೊಟ್ಟಿಲಾಗುತ್ತದೆ. ಆ ತೊಟ್ಟಿಲಿನಲ್ಲಿ ದಿನಾ ಹೋದರೆ ಯಾವ ಗಾಡಿ ಆದರೂ ಸಸ್ಪೆನ್ಷನ್ನಿನ ಲಿಂಕ್ ರಾಡು, ಬುಷ್ ಲಡಲಡ ಅನ್ನುತ್ತವೆ. ಜನ ಅದನ್ನೇ ಬಾಡಿ ಸದ್ದು ಅಂದುಕೊಂಡು ಕಂಪನಿಗೆ ಬೈಯುತ್ತಾರೆ. ನಾಲ್ಕು ಬುಷ್ ಬದಲಿಸಿದರೆ ಅರ್ಧ ಸದ್ದು ಹೋಗುತ್ತದೆ. ಬೆಂಗಳೂರಿನ ಷಡ್ಡಕರಿಗೆ ಇದು ಗೊತ್ತಿರಲ್ಲ.

ಬಿಸಿಲೂರು ಡಾಕ್ಟ್ರು

ಎಲ್ಲರೂ ತಗಡು, ಬುಷ್ ಅಂತಿದ್ದೀರಿ. ಹಿಂದೆ ಕೂತವರು ಬೆಲ್ಟ್ ಹಾಕುತ್ತಾರಾ ಕೇಳಿ. 2022ರಲ್ಲಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಹೋಗಿದ್ದು ಮರ್ಸಿಡಿಸ್ ಗಾಡಿಯ ಹಿಂದಿನ ಸೀಟಿನಲ್ಲಿ. ಬೆಲ್ಟ್ ಇರಲಿಲ್ಲ ಅಂತ ಪೊಲೀಸರು ಹೇಳಿದರು. ನಮ್ಮ ತುರ್ತು ವಿಭಾಗಕ್ಕೆ ಬರುವವರೂ ಹಾಗೇ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಬರಬೇಡಿ. ನಮ್ಮ ದೇಶದ್ದೇ ಗುದ್ದಿಸುವ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ನಡೀತಿದೆ. ಅದರ ಪಟ್ಟಿಯಲ್ಲಿ ಮಕ್ಕಳಿಗೆ ಬೇರೆ ಅಂಕ ಇದೆ, 49ಕ್ಕೆ. ದೊಡ್ಡವರದ್ದು 32ಕ್ಕೆ. ಇಬ್ಬರು ಮಕ್ಕಳಿರುವ ನೀವು ಆ 49ರ ಸಾಲು ಮೊದಲು ನೋಡಿ.

ಸಿಂಧನೂರು ಸೋನಾ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬಂದಿದ್ದೇನೆ, ವರದಿ ಒಪ್ಪಿಸುತ್ತೇನೆ.

ಕೊನೆಗೆ ಎರಡು ಉಳಿದವು. ಒಂದು ನೆಕ್ಸಾನ್, ಇನ್ನೊಂದು ಸ್ಕೋಡಾ ಕೈಲಾಕ್. ಎರಡೂ ಭಾರತ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್, ಮಕ್ಕಳ ಸಾಲೂ ನೋಡಿದೆ. ಡಿಕ್ಕಿ ಕಾರ್ಪೆಟ್ ಎತ್ತಿದಾಗ ಸೇಲ್ಸ್ ಹುಡುಗ "ಸರ್, ಸ್ಟೆಪ್ನಿ ಇದೆ ಸರ್" ಅಂದ. "ಸ್ಟೆಪ್ನಿ ಅಲ್ಲಪ್ಪ, ಸೀಲೆಂಟ್" ಅಂದೆ. ಅವನು ಮ್ಯಾನೇಜರ್‌ನ ಕರೆದುಕೊಂಡು ಬಂದ.

ಸಂಡೂರಿಗೆ ಒಯ್ಯಲು ಯಾರೂ ಬಿಡಲಿಲ್ಲ. ಕಾಲುವೆ ದಂಡೆಗೆ ಮಾತ್ರ ಬಿಟ್ಟರು. ಹಿಂದೆ ಅವ್ವ, ಇಬ್ಬರು ಮಕ್ಕಳು, ಒಂದು ಚೀಲ ಅಕ್ಕಿ. ಸ್ಕೋಡಾ ಬಾಗಿಲು ಮುಚ್ಚುವ ಸದ್ದು ನನಗೆ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ದಂಡೆ ಮೇಲಿನ ತಗ್ಗುಗಳನ್ನು ನೆಕ್ಸಾನ್ ಚೆನ್ನಾಗಿ ನುಂಗಿತು. ಹಿಂದೆ ಕೂತವರಿಗೆ ಸೊಂಟ ಎಗರಲಿಲ್ಲ. ಜೋಡಣೆಯಲ್ಲಿ ಸ್ಕೋಡಾ ಒಂದು ಕೂದಲೆಳೆ ಮುಂದೆ ಅಂತಲೇ ನನ್ನ ಲೆಕ್ಕ. ಆದರೆ ಡಾಕ್ಟ್ರಮ್ಮನ 22 ದಿನ ನೆನಪಾಯಿತು. ಟಾಟಾ ಸರ್ವೀಸು ನನಗೆ ಹತ್ತಿರ. ನಾಟಿ ಟೈಮಿನಲ್ಲಿ ಗಾಡಿ ದೂರದ ಊರಲ್ಲಿ ನಿಂತರೆ ನನ್ನ ಕೆಲಸ ನಿಲ್ಲುತ್ತದೆ. ನೆಕ್ಸಾನ್ ಬುಕ್ ಮಾಡಿದೆ. ದೇಶಿ ಅಂತಲ್ಲ, ಹತ್ತಿರ ಅಂತ.

ಹಟ್ಟಿ ಚಿನ್ನ

ನಾನು ಮೊದಲೇ ಹೇಳಲಿಲ್ವಾ?

ಕಿನ್ನಾಳ ಬೊಂಬೆ

ಉತ್ತರ ಸರಿ, ಲೆಕ್ಕ ಮಾಡಿದ ರೀತಿ ತಪ್ಪು. ಅರ್ಧ ಅಂಕ.

ಕೌಲ್ ಬಜಾರ್ ಮೇಸ್ತ್ರಿ

ಡೆಲಿವರಿ ದಿನ ಸಂಜೆ ಹೋಗಬೇಡಿ ಸಾರ್. ಹಗಲು ಬೆಳಕಲ್ಲಿ, ಗಾಡಿ ತೊಳೆದ ಮೇಲೆ, ಬಾಗಿಲ ಮಟ್ಟಕ್ಕೆ ಕಣ್ಣಿಟ್ಟು ಉದ್ದಕ್ಕೂ ನೋಡಿ. ಯಾರ್ಡಿನಲ್ಲಿ ತಾಗಿಸಿ ಮತ್ತೆ ಪೇಂಟ್ ಹೊಡೆದಿದ್ದರೆ ಅಲ್ಲಿ ಮಾತ್ರ ಕಿತ್ತಳೆ ಸಿಪ್ಪೆ ಥರ ಕಾಣುತ್ತದೆ. ಯಾರ ಹತ್ತಿರ ಆದರೂ ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಒಯ್ಯಿರಿ. ಎಲ್ಲ ಕಡೆ ನೂರು ಮೈಕ್ರಾನ್ ಆಜುಬಾಜು ಇದ್ದು ಒಂದೇ ಬಾಗಿಲಿಗೆ 200 ದಾಟಿದರೆ ತಗೋಬೇಡಿ, ಬೇರೆ ಗಾಡಿ ಕೇಳಿ.

ಸಿಂಧನೂರು ಸೋನಾ

ಗಾಡಿ ಬಂತು ಮೇಸ್ತ್ರಿಗಳೇ. ಹಗಲಲ್ಲೇ ನೋಡಿದೆ, ಎಲ್ಲ ಸರಿ ಇದೆ. ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದೆವು. ಮಾವನವರು ಬಾನೆಟ್ ಬಡಿದು "ನೋಡಿದ್ಯಾ, ಲೋಹ" ಅಂದರು. ನಾನು ಸುಮ್ನಿದ್ದೆ. ಅವ್ವ ಹಿಂದಿನ ಬಾಗಿಲು ಎರಡು ಸಲ ಹಾಕಿ ತೆಗೆದು, "ಹಳೇ ಗಾಡಿ ಬಾಗ್ಲಾನ ಹಗುರ ಇತ್ತು, ಛಲೋ ಇತ್ತು" ಅಂದಳು.

ಕೌಲ್ ಬಜಾರ್ ಮೇಸ್ತ್ರಿ

ಹಳೇದು ಎಕ್ಸ್‌ಚೇಂಜ್ ಕೊಟ್ಟುಬಿಟ್ರಾ? ಇಲ್ಲ ಅಂದರೆ ಹೇಳಿ, ಡ್ರೈವಿಂಗ್ ಕಲಿಯುವ ಗಿರಾಕಿ ಒಬ್ಬನಿದ್ದಾನೆ.

ಸಿಂಧನೂರು ಸೋನಾ

ಇಲ್ಲ, ಅಂಗಳದಲ್ಲೇ ಇದೆ. ಅವ್ವ ಬಿಡ್ತಿಲ್ಲ.